ಬೆನ್ನುನೋವಿನ ಮೊಹರು

ಮಾರ್ಚ್ ೯, ಸೋಮವಾರ

ಮಾತು ಬಿಟ್ಟಿರುವ ನನ್ನ ಚೂಟಿಗೆ, ಅಮ್ಮನ ಆಶೀರ್ವಾದಗಳು. ಆಶೀರ್ವಾದ ಬೇಡವಾದರೆ ಪಕ್ಕಕ್ಕಿಡು, ಕಾಗದ ಮಾತ್ರ ಓದು.

ಈ ಮೂಲಕ ಸಕಲರಿಗೂ ತಿಳಿಯಪಡಿಸುವುದೇನೆಂದರೆ, ನಮ್ಮ ಆರೋಗ್ಯ ಕೇಂದ್ರದ ಚೀಟಿ ಕಿಟಕಿಯಲ್ಲಿ ಹತ್ತೊಂಬತ್ತು ವರ್ಷ ನಿಷ್ಠೆಯಿಂದ ದುಡಿದ, ‘ಬೆನ್ನುನೋವು’ ಎಂಬ ಬಿರುದು ಹೊತ್ತ ರಬ್ಬರ್ ಮೊಹರು ಇಂದು ಬೆಳಗ್ಗೆ ಹನ್ನೊಂದಕ್ಕೆ ಸೇವೆಯಿಂದ ನಿವೃತ್ತವಾಯಿತು. ಸನ್ಮಾನ ಇರಲಿಲ್ಲ. ಹೊಸ ಡಾಕ್ಟರಮ್ಮ ಅದನ್ನು ಸತ್ತ ಜಿರಲೆಯಂತೆ ಎರಡು ಬೆರಳಲ್ಲಿ ಎತ್ತಿ ಡ್ರಾಯರಿಗೆ ಹಾಕಿ ಬೀಗ ಜಡಿದರು.

ಆ ಮೊಹರು ಮಾಡಿಸಿದ್ದು ನಾನೇ. ರೋಗಿಗಳಿಗೆ ಕೊಡುವ ಕಾರ್ಡಿನಲ್ಲಿ ‘ತೊಂದರೆ’ ಅಂತ ಒಂದು ಖಾನೆ ಇದೆ. ಗಂಡಸರು ಕೆಮ್ಮು, ಕಜ್ಜಿ, ಮೂಲವ್ಯಾಧಿ ಎಲ್ಲವನ್ನೂ ಬೀದಿಗೆ ಕೇಳುವಂತೆ ಸಾರುತ್ತಾರೆ. ಹೆಂಗಸರು ಕಿಟಕಿಯೊಳಗೆ ಅರ್ಧ ತಲೆ ತೂರಿಸಿ, “ಅಕ್ಕಾ, ಅವರ ಜೊತೆ ಮಲಗಿದಾಗ... ಕೆಳಗೆ... ಚಾಕು ಹಾಕಿದ ಹಾಗಾಗುತ್ತೆ” ಅನ್ನುತ್ತಾರೆ. ಹಿಂದೆ ಇಪ್ಪತ್ತು ಜನರ ಸಾಲು. “ಬೆನ್ನುನೋವು ಅಂತ ಹಾಕ್ತೀನಮ್ಮ, ಒಳಗೆ ಡಾಕ್ಟರಿಗೆ ಬಿಡಿಸಿ ಹೇಳು” ಅಂದು ಟಪ್ಪೆಂದು ಗುದ್ದುತ್ತಿದ್ದೆ. ಅವರ ಮರ್ಯಾದೆ ಉಳಿಸಿದೆನೆಂಬ ಹೆಮ್ಮೆ ಬೇರೆ. ಒಳಗೆ ಹೋಗಿ ಬಿಡಿಸಿ ಹೇಳಿದವಳು ಒಬ್ಬಳೂ ಇಲ್ಲ. ಹಳೆಯ ಡಾಕ್ಟರು ಕಾರ್ಡು ನೋಡಿ, ಮುಖ ನೋಡದೆ, ಮುಲಾಮು ಬರೆಯುತ್ತಿದ್ದರು.

ಹೊಸಬರು ಮೂರೇ ವಾರದಲ್ಲಿ ಹಿಡಿದರು. “ಅಲ್ರೀ ಚೀಟಿಯಮ್ಮ, ಇಲ್ಲಿ ಹೆಂಗಸರಿಗೆಲ್ಲ ಬೆನ್ನುನೋವು. ಬಗ್ಗಿ ಚಪ್ಪಲಿ ಹಾಕ್ಕೊಳ್ಳೋಕೆ ಮಾತ್ರ ಒಬ್ಬರಿಗೂ ಕಷ್ಟ ಇಲ್ಲ. ಏನ್ರೀ ಇದು?” ಅಂದರು. ಹೇಳಿದೆ. ಅವರು ನಗಲಿಲ್ಲ. ಅದು ಹಟವಲ್ಲ, ಗಂಡನ ಮೇಲಿನ ಅಸಡ್ಡೆಯಲ್ಲ. ಅಲ್ಲಿನ ಸ್ನಾಯು ತಾನಾಗಿ ಬಿಗಿದುಕೊಳ್ಳಬಹುದು, ಬೇರೆ ಕಾರಣವೂ ಇರಬಹುದು, ನಿಧಾನವಾದರೂ ಚಿಕಿತ್ಸೆ ಇದೆ ಅಂದರು. ಇದೆಯಂತೆ ಕಣೇ. ಮೊದಲಿನಿಂದಲೂ ಇತ್ತಂತೆ.

ಇಷ್ಟು ಹೊತ್ತು ತಮಾಷೆ ಮಾಡಿದ್ದು ನಿನ್ನ ವಿಷಯಕ್ಕೆ ಬರಲು ಹೆದರಿ.

ಮದುವೆಯಾದ ಮೂರನೇ ತಿಂಗಳು ನೀನೂ ಆ ಸಾಲಿನಲ್ಲಿ ನಿಂತೆ. ಮನೆಯಲ್ಲಿ ಹೇಳಿಕೊಂಡಾಗ “ಎಲ್ಲರಿಗೂ ಇದ್ದದ್ದೇ, ಹಲ್ಲು ಕಚ್ಚಿಕೋ” ಅಂದಿದ್ದೆನಲ್ಲ, ಅದಕ್ಕೆ. ಕಿಟಕಿಯಲ್ಲಿ ನಿನ್ನ ಮುಖ ಕಂಡಿತು. ನೀನು ಬಾಯಿ ತೆರೆಯುವ ಮೊದಲೇ ಗುದ್ದಿದೆ. ನಾಲ್ಕು ವರ್ಷದ ಮೇಲೆ, ಬೇರೆಯಾಗುವ ಮಾತುಕತೆಯ ದಿನ, ನಿನ್ನ ಗಂಡ ಅದೇ ಕಾರ್ಡನ್ನು ಮೇಜಿನ ಮೇಲೆ ಎಸೆದ. “ನೋವಂತೆ ನೋವು! ಇವಳದೇ ಕಾರ್ಡು ನೋಡಿ, ಬೆನ್ನುನೋವು. ಮರದ ಕೊರಡನ್ನ ತಂದು ಕಟ್ಟಿದ್ರಿ, ಮೇಲೆ ನಾಟಕ ಬೇರೆ!” ಎಲ್ಲರೂ ನಿನ್ನನ್ನು ನೋಡಿದರು. ನೀನು ನನ್ನನ್ನು ನೋಡಿದೆ. ನಾನು ಲೋಟದಲ್ಲಿ ನೀರಿದೆಯೇ ಎಂದು ನೋಡಿದೆ. ನೀನು ಕಾರ್ಡನ್ನು ಮಡಿಸಿ ಪರ್ಸಿಗೆ ಹಾಕಿಕೊಂಡು ಎದ್ದು ಹೋದೆ.

ಆ ದಿನ ಕೂತಿದ್ದ ಆರು ಜನಕ್ಕೂ, ಅವನಿಗೂ ಸೇರಿಸಿ, ಇದನ್ನೇ ತಮಾಷೆ ತೆಗೆದು ಬರೆದು ಅಂಚೆಗೆ ಹಾಕಿದ್ದೇನೆ. ಕ್ಷಮಿಸು ಅಂತ ಕೇಳಲು ನನಗೆ ಮುಖವಿಲ್ಲ. ಗುರುವಾರ ಡಾಕ್ಟರಮ್ಮ ಹೆಂಗಸರನ್ನಷ್ಟೇ ನೋಡುತ್ತಾರೆ, ಬಾಗಿಲು ಮುಚ್ಚಿ. ಬಾ. ಆ ಕಾರ್ಡು ತಾ. ಅದರ ಮೇಲಿನ ‘ಬೆನ್ನುನೋವ’ನ್ನು ನನ್ನ ಕೈಯಾರೆ ಹೊಡೆದು ಹಾಕಿ, ನೀನು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ.

ಇಂತಿ,
ಚೀಟಿ ಕಿಟಕಿಯ ನಿನ್ನ ಅಮ್ಮ

ತಾ.ಕ.: ಆ ಮೊಹರು ಮೊದಲು ಬಿದ್ದದ್ದು ನನ್ನ ಕಾರ್ಡಿನ ಮೇಲೆ. ನಿನ್ನ ಅಪ್ಪನಿಗೆ ಇವತ್ತಿಗೂ ನನ್ನ ಬೆನ್ನಿನದೇ ಚಿಂತೆ, ಒಂದು ಕೊಡ ನೀರು ಎತ್ತಲು ಬಿಡುವುದಿಲ್ಲ. ಡಾಕ್ಟರಮ್ಮ ನನ್ನನ್ನೂ ನೋಡುತ್ತಾರಂತೆ. ಆದರೆ ಕಿಟಕಿಯವರು ತಮ್ಮ ಕಾರ್ಡು ತಾವೇ ಬರೆದುಕೊಳ್ಳುವಂತಿಲ್ಲ, ಹೊಸ ನಿಯಮ. ಗುರುವಾರ ಐದು ನಿಮಿಷ ನನ್ನ ಕುರ್ಚಿಯಲ್ಲಿ ಕೂತು ನನ್ನದೊಂದು ಕಾರ್ಡು ಬರೆದುಕೊಡ್ತೀಯಾ? ನಾನು ಸಾಲಿನಲ್ಲಿ ನಿಂತು ಬರುತ್ತೇನೆ.