ಕಪ್ಪು ಬಳಿದ ಊರಿನ ಹೆಸರು

ಸೈನಿಕರ ಕಾಗದಗಳನ್ನು ಒಡೆದು ಓದುವ ಮಾನ್ಯ ಅಧಿಕಾರಿಗಳೇ,

ತಾವು ಬಳಿದ ಕಪ್ಪು ಮಸಿ, ಬದುಕಿದ್ದ ಸೈನಿಕನೊಬ್ಬನನ್ನು ನಮ್ಮೂರಿನಲ್ಲಿ ಹದಿನೆಂಟು ದಿನ ಸಾಯಿಸಿತ್ತು. ಶತ್ರುವಿಗೂ ಆಗದ ಕೆಲಸ! ಈ ಸಾಧನೆ ತಮ್ಮ ಕಡತಕ್ಕೆ ಸೇರಿರಲಾರದೆಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಕಳೆದ ವರ್ಷ ವಾನಳ್ಳಿ ಕಡೆಯ ಹೆಂಗಸರೆಲ್ಲ ಸೇರಿ ಗಡಿಯಲ್ಲಿದ್ದ ನಮ್ಮೂರಿನ ಚೌಡನಿಗೆ ಉಣ್ಣೆ ಟೋಪಿ, ಮಿಡಿ ಉಪ್ಪಿನಕಾಯಿ ಕಳಿಸುತ್ತಿದ್ದೆವು. ಕಾಗದ ಬರೆಯುವ ಕೆಲಸ ನನ್ನದು. ಅವನ ತಾಯಿ ಸುಬ್ಬಿಗೆ ಓದು ಬಾರದು. ಜುಲೈ ತಿಂಗಳಲ್ಲಿ ಅವಳು, "ಅಮ್ಮಾ, ಯಾವೂರಾಗೆ ಅವ್ನೆ ಅಂತ ಒಂದ್ ಮಾತು ಕೇಳಿ ಬರೀರಿ" ಅಂದಳು. ಬರೆದೆ. ಅವನು ಉತ್ತರದ ಮೇಲಿನ ಮೂಲೆಯಲ್ಲೇ ಊರಿನ ಹೆಸರು ಹಾಕಿದ. ಅದರ ಮೇಲೆ ತಾವು ಧಾರಾಳವಾಗಿ ಮಸಿ ಬಳಿದಿರಿ.

ಸ್ವಾಮಿ, ನಮ್ಮಲ್ಲಿ ಮದುವೆ ಕಾಗದದ ಮೂಲೆಗೆ ಕುಂಕುಮ, ಸಾವಿನ ಕಾಗದದ ಮೂಲೆಗೆ ಕಪ್ಪು. ಕಪ್ಪಿನದನ್ನು ಮನೆಯೊಳಗೆ ತರುವುದಿಲ್ಲ. ಸುಬ್ಬಿ ಅದನ್ನು ಯಾರಿಂದಲೂ ಓದಿಸದೆ ಅಂಗಳದಲ್ಲೇ ಚೂರುಚೂರು ಮಾಡಿ ಹಳ್ಳಕ್ಕೆ ಬಿಟ್ಟು, ತಲೆ ಮೇಲೆ ನೀರು ಸುರಿದುಕೊಂಡು ಕೂತಳು. ನಾವು ಸಭೆ ಸೇರಿ ಎರಡು ನಿಮಿಷ ಮೌನ ಆಚರಿಸಿದೆವು. ಚೌಡ ಅಲ್ಲಿ ನಮ್ಮ ಉಪ್ಪಿನಕಾಯಿ ಚಪ್ಪರಿಸುತ್ತಿದ್ದ! ಹದಿನೆಂಟನೇ ದಿನ ಅವನ ಇನ್ನೊಂದು ಕಾಗದ: "ಊರಿನ ಹೆಸರು ಹಿಂದಿನದರ ಮೂಲೆಯಲ್ಲೇ ಬರೆದಿದ್ದೆ. ಮುಟ್ಟಿತಾ? ಉಪ್ಪಿನಕಾಯಿ ಖಾಲಿ." ಸುಬ್ಬಿ ನಗುತ್ತ ಅತ್ತಳು. ಮತ್ತೆ ಊರು ಕೇಳಿ ಬರೆಸಿದಳು.

ಅಕ್ಟೋಬರಿನಲ್ಲಿ ಬಂದದ್ದು ಟೈಪು ಮಾಡಿದ ಕಾಗದ. ಎಷ್ಟು ಶುಭ್ರ! ಮೂಲೆಯಲ್ಲಿ ಒಂದು ಚುಕ್ಕೆ ಮಸಿಯಿಲ್ಲ. "ಈ ಸಲ ಕಪ್ಪಿಲ್ಲ ಅಮ್ಮಾ" ಎಂದು ಸುಬ್ಬಿ ಅದನ್ನು ಒಳಗೊಯ್ದು ದೇವರ ಮುಂದಿಟ್ಟು, ಓದಲು ನನ್ನನ್ನು ಕರೆದಳು. ಮಗ ಹೋದ ಸುದ್ದಿಯನ್ನು ದೇವರ ಮುಂದೆ ಕೂತು ನಾನು ಓದಿದೆ. ಅಷ್ಟು ಹೊತ್ತಿಗೆ ತಮ್ಮ ಮಸಿ ಮುಗಿದಿತ್ತೇ?

ಯುದ್ಧಕಾಲದಲ್ಲಿ ಗುಟ್ಟು ಬೇಕು, ಒಪ್ಪಿದೆ. ಈಗ ಯುದ್ಧ ಮುಗಿದು ಒಪ್ಪಂದವೂ ಆಯಿತು. ಆ ಊರು ಶತ್ರುವಿಗೆ ಗೊತ್ತು, ತಮಗೆ ಗೊತ್ತು. ಗೊತ್ತಿಲ್ಲದಿರುವುದು ಹೆತ್ತವಳಿಗೆ ಮಾತ್ರ. ಟೈಪಿನ ಕಾಗದದಲ್ಲೂ 'ಪಶ್ಚಿಮ ಗಡಿ' ಎಂದಷ್ಟೇ ಇದೆ. ಗಡಿಯೆಂದರೆ ಒಂದು ಊರೇ? ಸುಬ್ಬಿ ದಿನವೂ ನಮ್ಮ ಬಾಗಿಲಿಗೆ ಬಂದು, "ಯಾವೂರಂತೆ ಅಮ್ಮಾ?" ಎನ್ನುತ್ತಾಳೆ. ಆ ಹೆಸರನ್ನು ತಿಳಿಸಿ. ಒಂದು ಕಾರ್ಡು ಸಾಕು. ಮೂಲೆಗೆ ತಾವು ಕಪ್ಪು ಬಳಿದೇ ಕಳಿಸಬಹುದು, ಈಗ ಅದು ಸರಿಯಾಗಿಯೇ ಇರುತ್ತದೆ. ಹೆಸರನ್ನು ಮಾತ್ರ ಓದುವಂತೆ ಬಿಡಿ.

ಇಂತಿ,
ಊರು ಯಾವುದೆಂದು ಮೊದಲು ಕೇಳಿ ಬರೆದ ತಪ್ಪಿತಸ್ಥೆ,
ಪರಿಮಳಾ
ಶಿರಸಿ ತಾಲೂಕು, ಫೆಬ್ರವರಿ ೧೯೬೬