ಒಂದೇ ತುಂಡಿನ ರಾಡ್

ಭಾನುವಾರ, ಮಾರ್ಚ್ ೧೨

ಮುದ್ದು ಗುಬ್ಬಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ನಾವಿಬ್ಬರೂ ಕ್ಷೇಮ. ಉತ್ತರ ತಡವಾಯಿತು, ಹೊಟ್ಟೆಗೆ ಹಾಕಿಕೋ. ರೈಫಲ್ ಕ್ಲಬ್ಬಿನವರು ನನ್ನ ರಿಪೇರಿ ಕೋಣೆಗೆ ಬಣ್ಣ ಬಳಿಸುತ್ತಿದ್ದರು. ಸಾಮಾನೆಲ್ಲ ಮೂಟೆ ಕಟ್ಟಿ ಮೂಲೆಗೆ ತಳ್ಳಿದ್ದರಿಂದ ಒಂದು ಸ್ಕ್ರೂಡ್ರೈವರ್ ಬೇಕೆಂದರೂ ಇಡೀ ಸಂಸಾರ ಬಿಚ್ಚಬೇಕಾಗಿತ್ತು.

ಗುಂಡುಗಳು ಗುರಿಯಲ್ಲಿ ಚೆದುರುತ್ತಿವೆ, ಕ್ಲೀನಿಂಗ್ ರಾಡ್ ನಳಿಗೆಯ ಒಳಮೈ ಕೆರೆದು ಹಾಳುಮಾಡಿರಬೇಕು, ಬಾಳಿಕೆ ಬರುವಂಥ ಬೇರೆ ರಾಡ್ ಆರಿಸಿಕೊಡು ಎಂದು ನೀನು ಬರೆದಿದ್ದೆ. ತಿಂಗಳ ಕೊನೆಯ ಆಯ್ಕೆ ಪಂದ್ಯದಲ್ಲೂ ಹೀಗೇ ಆದರೆ ಇನ್ನು ಜನ್ಮದಲ್ಲಿ ಬಂದೂಕು ಮುಟ್ಟುವುದಿಲ್ಲ ಎಂದೂ ಬರೆದಿದ್ದೆ. ಅದನ್ನು ಕೇಳಿ ನಿಮ್ಮಮ್ಮ ಒಲೆ ಆರಿಸಿ ಬಂದು ಕೂತಳು. 'ಕುಣಿಯಲಾರದವಳು ನೆಲ ಡೊಂಕು ಅಂದಳಂತೆ' ಎಂಬ ಗಾದೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವಳು ಕಣ್ಣು ಬಿಟ್ಟದ್ದು ನೋಡಿ ನುಂಗಿಕೊಂಡೆ.

ಅಳಿಯಂದಿರು ನಿನ್ನ ರೈಫಲ್ಲನ್ನೂ ಹಳೆಯ ರಾಡನ್ನೂ ತಂದುಕೊಟ್ಟರು. ಆ ರಾಡ್ ನೋಡಿ ನನ್ನ ಮೈಯೆಲ್ಲ ಉರಿಯಿತು. ಮೂರು ತುಂಡು, ಅದೂ ಅಲ್ಯೂಮಿನಿಯಂ! ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳಲು ಚೆನ್ನ, ಅಷ್ಟೇ. ತುಂಡುಗಳು ಸೇರುವಲ್ಲಿ ಅಂಚು ಏಳುತ್ತದೆ, ಒತ್ತಿದರೆ ನಡು ಬಾಗಿ ನಳಿಗೆಗೆ ಉಜ್ಜುತ್ತದೆ. ಮೆತ್ತಗಿನ ಲೋಹವಾದರೆ ನಳಿಗೆಗೆ ಒಳ್ಳೆಯದು ಎಂದು ನಿನ್ನ ತಲೆಗೆ ಯಾರೋ ತುಂಬಿರಬೇಕು. ಮೆತ್ತಗಿರುವುದಕ್ಕೇ ಮಸಿ, ಮರಳು ಅದಕ್ಕೆ ಕಚ್ಚಿಕೊಂಡು ಉಪ್ಪುಕಾಗದದ ಹಾಗಾಗುತ್ತದೆ ಮಾರಾಯ್ತಿ.

ನಿನ್ನೆ ನಿಮ್ಮಮ್ಮನನ್ನೂ ಕರೆದುಕೊಂಡು ಅಂಗಡಿಗೆ ಹೋದೆ. ಕಾರ್ಬನ್ ಫೈಬರಿನ ರಾಡ್ ಹಗುರ, ಆದರೆ ನನಗೇಕೋ ಮನಸ್ಸು ಒಪ್ಪಲಿಲ್ಲ. ಕೊನೆಗೆ ಒಂದೇ ತುಂಡಿನ ಉಕ್ಕಿನದು ತೆಗೆಸಿದೆ. ಮೈಮೇಲೆ ನಯವಾದ ಲೇಪವಿದೆ, ಹಿಡಿಯಲ್ಲಿ ಬೇರಿಂಗ್ ಇದೆ. ನಳಿಗೆಯೊಳಗಿನ ಸುರುಳಿ ಗೆರೆಗಳ ಜೊತೆ ತಾನೂ ತಿರುಗಿಕೊಂಡು ಹೋಗುತ್ತದೆ. ನೆಟ್ಟಗಿದೆಯೋ ಎಂದು ಗಾಜಿನ ಮೇಜಿನ ಮೇಲೆ ಒಂದೊಂದನ್ನೂ ಉರುಳಿಸಿ ನೋಡುತ್ತಿದ್ದೆ. ಅಂಗಡಿಯವನಿಗೆ ಸಾಕಾಯಿತು.

"ಏನ್ ಯಜಮಾನ್ರೇ, ರಾಡ್ ತಗೋತಿದ್ದೀರೋ, ಅಳಿಯನ್ನ ಆರಿಸ್ತಿದ್ದೀರೋ?" ಎಂದ.

"ಅಳಿಯನ್ನ ಆರಿಸುವಾಗ ಇಷ್ಟೆಲ್ಲಾ ಉರುಳಿಸಿ ನೋಡ್ಲಿಲ್ಲ ಬಿಡಿ," ಎಂದಳು ನಿಮ್ಮಮ್ಮ.

ನೋಡದಿದ್ದರೂ ಅವರು ನೆಟ್ಟಗೇ ಸಿಕ್ಕರು, ನಮ್ಮ ಪುಣ್ಯ.

ಬಳಸುವಾಗ ಒಂದು ನೆನಪಿಡು. ರಾಡನ್ನು ಯಾವಾಗಲೂ ಹಿಂದಿನಿಂದಲೇ ತೂರಿಸು. ಗುಂಡು ಹೊರಬೀಳುವ ತುದಿ ಒಂದು ಕೂದಲಿನಷ್ಟು ಸವೆದರೂ ಗುರಿ ಹೋಯಿತೆಂದೇ ಲೆಕ್ಕ. ಪ್ರತಿ ಸಲವೂ ರಾಡನ್ನು ಬಟ್ಟೆಯಿಂದ ಒರೆಸು. ಮೂಲೆಗೆ ಆನಿಸಿ ನಿಲ್ಲಿಸಬೇಡ, ಮೊಳೆಗೆ ತೂಗುಹಾಕು. ಇಷ್ಟು ಮಾಡಿದರೆ ನನಗಿಂತ ಹೆಚ್ಚು ಕಾಲ ಬಾಳುತ್ತದೆ.

ಹೊತ್ತಿಗೆ ಸರಿಯಾಗಿ ಉಣ್ಣು. ನಿಮ್ಮಮ್ಮ ನಿನ್ನನ್ನು ದಿನಕ್ಕೆ ಹತ್ತು ಸಲ ನೆನೆಯುತ್ತಾಳೆ. ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ.

ಇಂತಿ ನಿನ್ನ
ಅಪ್ಪ

ಮತ್ತೆ: ಒಂದು ಮಾತು ಬರೆಯಲು ಮರೆತೆ ಎನ್ನಬೇಕೆಂದಿದ್ದೆ. ಮರೆತಿರಲಿಲ್ಲ, ಧೈರ್ಯ ಸಾಲದೆ ಕಾಗದವನ್ನೇ ಇಷ್ಟು ದಿನ ಮುಂದೂಡಿದೆ. ನಳಿಗೆಗೆ ದೀಪ ಹಿಡಿದು ನೋಡಿದೆ ಮಗಳೇ. ಒಂದು ಗೀರೂ ಇಲ್ಲ. ಆ ರಾಡ್ ಕೆಟ್ಟದ್ದೇ, ಆದರೆ ಏನನ್ನೂ ಇನ್ನೂ ಕೆಡಿಸಿರಲಿಲ್ಲ. ರೈಫಲ್ಲನ್ನು ಮೇಜಿಗೆ ಬಿಗಿದು ಐದು ಗುಂಡು ಹೊಡೆದೆ. ಐದೂ ಅಂಗಿಯ ಗುಂಡಿಯಷ್ಟು ಜಾಗದಲ್ಲಿ ಕೂತವು.

ಅಳಿಯಂದಿರು ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದರು: "ಮಾವ, ಮಗು ಹೋಗಿದ್ದು ತನ್ನಿಂದ್ಲೇ ಅಂತಾಳೆ. ಆ ವಾರ ಪ್ರಾಕ್ಟೀಸಿಗೆ ಹೋಗಿದ್ದಕ್ಕೇ, ಬಂದೂಕು ಅದುರಿ ಹೊಟ್ಟೇಲೇ ಹೋಯ್ತು ಅಂತಾಳೆ. ಡಾಕ್ಟ್ರು ಹಾಗಲ್ಲ ಅಂದ್ರೂ ನಂಬಲ್ಲ."

ನನ್ನ ಆಯುಷ್ಯವೆಲ್ಲ ಬಂದೂಕು ಬಿಚ್ಚುವುದರಲ್ಲೇ ಕಳೆದಿದೆ. ನಿನ್ನ ಆ ಸಣ್ಣ ರೈಫಲ್ ಒದೆಯುವುದು ಯಾರೋ ಭುಜ ತಟ್ಟಿ ಕರೆದಷ್ಟು. ಡಾಕ್ಟರ ಮಾತು ನಂಬು, ನಿನ್ನಪ್ಪನ ಮಾತನ್ನೂ ನಂಬು. ಗುರಿ ತಪ್ಪಿದ್ದರಲ್ಲಿ ನಳಿಗೆಯ ತಪ್ಪಿಲ್ಲ, ಮಗು ಹೋದದ್ದರಲ್ಲಿ ನಿನ್ನ ತಪ್ಪಿಲ್ಲ.

ಪಂದ್ಯಕ್ಕೆ ಹೋಗು, ಇಲ್ಲವೇ ಬಿಡು, ನಿನ್ನಿಷ್ಟ. ರಾಡನ್ನೂ ರೈಫಲ್ಲನ್ನೂ ನಾನೇ ತರುತ್ತಿದ್ದೇನೆ. ನಿನ್ನನ್ನು ನೋಡಲು ಆಸ್ಪತ್ರೆಗೆ ಬಂದ ದಿನ ನಿನ್ನ ಮಂಚದ ಸಡಿಲವಾದ ನಟ್ಟು ಬಿಗಿದು ಎದ್ದು ಬಂದೆ. ಈ ಸಲ ಬಿಗಿಯಲು ಏನೂ ಸಿಗದಿದ್ದರೂ ನಿನ್ನ ಪಕ್ಕದಲ್ಲಿ ಕೂತಿರುತ್ತೇನೆ.