ಮೂಲೆಯ ಹೊಲಿಗೆ

ನೆಲಮಂಗಲ
9 ಸೆಪ್ಟೆಂಬರ್ 2025, ಮಂಗಳವಾರ

ನನ್ನ ಸಿಂಚನಳಿಗೆ,

ನಿನಗೂ ಅಂಜನ್‌ಗೂ ಅಮ್ಮನ ಆಶೀರ್ವಾದ. ಇಪ್ಪತ್ತು ದಿನವಾಯಿತು ನೀನು ಫೋನ್ ಮಾಡಿ. ನಾನು ಮಾಡಿದರೆ ಅಂಜನ್ ಎತ್ತಿ, ‘ದೋಣಿ ಹತ್ರ ಇದಾಳೆ ಅತ್ತೆ’ ಅನ್ನುತ್ತಾನೆ. ಪಾಪ, ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ. ನೀನು ಪಕ್ಕದಲ್ಲೇ ಇರುವುದು ನನಗೆ ಗೊತ್ತಾಗುತ್ತದೆ.

ನಿನ್ನ ಕೋಪ ನ್ಯಾಯವೇ. ಮೂರು ವರ್ಷ ಕಾರವಾರದಲ್ಲಿ ಗಂಡ ಹೆಂಡತಿ ಇಬ್ಬರೂ ಆ ಹಳೆಯ ಹಾಯಿದೋಣಿಯನ್ನು ಉಜ್ಜಿ, ತೂತು ಮುಚ್ಚಿ, ಬಣ್ಣ ಬಳಿದು ನೀರಿಗಿಳಿಯುವ ಹಾಗೆ ಮಾಡಿದ್ದೀರಿ. ಉಳಿದದ್ದು ಹೊಸ ಹಾಯಿ. ಅದಕ್ಕೂ ಮೂರು ಕಡೆ ವಿಚಾರಿಸಿದ್ದೀರಿ. ಒಂದು ಗೋವಾದ ಕಾರ್ಖಾನೆ, ಇನ್ನೊಂದು ಮಂಗಳೂರಿನ ಒಬ್ಬ ಮುದುಕರು, ಮತ್ತೊಂದು ಅಳತೆ ಕಳಿಸಿದರೆ ಹೊರದೇಶದಿಂದಲೇ ಹೊಲಿದು ಕಳಿಸುವವರು. ಇಷ್ಟೆಲ್ಲ ಹೇಳಿ ಕೊನೆಗೆ ನೀನು, ‘ಅವ್ರ್ಯಾರೂ ಬೇಡಮ್ಮ, ನೀನೇ ಹೊಲ್ಕೊಡು. ಲಾರಿ ಟಾರ್ಪಾಲ್ ಹೊಲಿಯೋಳಿಗೆ ಹಾಯಿ ಏನ್ ಮಹಾ’ ಅಂದೆ. ನಾನು ಆಗಲ್ಲ ಎಂದು ಫೋನ್ ಇಟ್ಟುಬಿಟ್ಟೆ. ನಿಮ್ಮ ದೋಣಿಯ ಹುಚ್ಚು ಅಮ್ಮನಿಗೆ ಹಿಡಿಸಿಲ್ಲ ಎಂದು ನೀನು ತಿಳಿದುಕೊಂಡಿದ್ದೀಯ. ಅದಲ್ಲ ಕಣೆ. ಅದು ಏನು ಎಂದು ಫೋನಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ.

ಕಳೆದ ವಾರ ಅಂಗಡಿಗೆ ಬೀಗ ಹಾಕಿ ಗೋವಾಕ್ಕೂ ಮಂಗಳೂರಿಗೂ ಹೋಗಿಬಂದೆ. ನಿನಗೆ ತಿಳಿಸಲಿಲ್ಲ. ನಡುಸಮುದ್ರದಲ್ಲಿ ನನ್ನ ಮಗಳು ಯಾರ ಹೊಲಿಗೆಯನ್ನು ನಂಬಿ ಕೂರುತ್ತಾಳೆ ಎಂದು ಕಣ್ಣಾರೆ ನೋಡಬೇಕಿತ್ತು. ಬ್ಯಾಗಿನಲ್ಲಿ ಗೇಣಗಲದ ಒಂದು ಟಾರ್ಪಾಲಿನ ಮೂಲೆ ಇಟ್ಟುಕೊಂಡಿದ್ದೆ. ಹಗ್ಗ ಕಟ್ಟುವ ಹಿತ್ತಾಳೆ ರಿಂಗು ಕಿತ್ತುಹೋಗಿ ಹರಿದದ್ದು.

ಗೋವಾದವರದ್ದು ದೊಡ್ಡ ಜಾಗ. ನಮ್ಮ ಮದುವೆ ಛತ್ರದಷ್ಟು ಉದ್ದದ ಮರದ ನೆಲ, ಅದರ ಮೇಲೆ ಬಿಳಿ ಬಟ್ಟೆ ಹಾಸಿದರೆ ಮಿಷನ್ನೇ ಓಡಾಡಿ ಕತ್ತರಿಸುತ್ತದೆ. ಹೊಲಿಯುವವರು ನೆಲದಲ್ಲಿ ಗುಂಡಿ ಮಾಡಿಸಿಕೊಂಡು ಅದರೊಳಗೆ ಕೂತಿರುತ್ತಾರೆ, ಬಟ್ಟೆ ನೆಲದ ಮಟ್ಟದಲ್ಲೇ ಸರಿಯಲಿ ಎಂದು. ಆಫೀಸಿನಲ್ಲಿ ಶಿಲ್ಪ ಎಂಬ ಧಾರವಾಡದ ಕಡೆಯ ಹುಡುಗಿ ಇದ್ದಳು, ಕನ್ನಡದಲ್ಲೇ ಮಾತಾಡಿಸಿದಳು. ಮೂಲೆ ತೋರಿಸಿ, ಇದು ಯಾಕೆ ಹರಿಯಿತು ಎಂದು ಕೇಳಿದೆ. ಒಳಗೆ ತೋರಿಸಿಕೊಂಡು ಬಂದು, ಹೊಲಿಗೆ ಚೆನ್ನಾಗಿದೆ, ಹಳೆಯದಾಗಿ ಹರಿದಿರಬೇಕು ಅಂದಳು. ಅವಳದ್ದು ತಪ್ಪಲ್ಲ. ಮನಸ್ಸು ನೋಯದಿರಲಿ ಎಂದು ಗಿರಾಕಿಗಳಿಗೆ ನಾನೂ ಹಾಗೇ ಹೇಳುತ್ತೇನೆ.

ಮಂಗಳೂರಿನವರ ಹೆಸರು ಹಸನಬ್ಬ. ಹೊಳೆಯ ದಡದಲ್ಲಿ ಹೆಂಚಿನ ಶೆಡ್ಡು, ಎಪ್ಪತ್ತು ದಾಟಿದ ವಯಸ್ಸು. ನಾನು ಕೇಳಿದ್ದು ಅದೇ ಪ್ರಶ್ನೆ. ಅವರು ಮೂಲೆಯನ್ನು ಬಾಗಿಲ ಬೆಳಕಿಗೆ ಒಯ್ದು, ಸೂಜಿಯ ತೂತುಗಳನ್ನು ಉಗುರಿನಿಂದ ಒಂದೊಂದಾಗಿ ಮುಟ್ಟಿ ನೋಡಿದರು. ‘ಬಟ್ಟೆ ಗಟ್ಟಿ ಉಂಟು. ನೂಲೂ ಒಳ್ಳೇದೇ. ಆದ್ರೆ ರಿಂಗಿನ ಸುತ್ತ ಒಂದೇ ಸಾಲು ಹೊಲಿಗೆ ಮಾರಾಯ್ರೆ, ಮೂರು ಬೇಕಿತ್ತು. ಗೊತ್ತಿಲ್ಲದವರು ಹೊಲಿದದ್ದಲ್ಲ ಇದು. ಗೊತ್ತಿದ್ದವರೇ ಅವಸರಕ್ಕೆ ಬಿಟ್ಟದ್ದು’ ಅಂದರು.

ನಾನು ಅಲ್ಲೇ ಬಟ್ಟೆಯ ಹೊರೆಯ ಮೇಲೆ ಕೂತೆ. ಅವರು ನೀರು ತಂದುಕೊಟ್ಟು, ‘ಯಾರಿಗಾದ್ರೂ ಏನಾದ್ರೂ ಆಯ್ತಾ?’ ಎಂದು ಕೇಳಿದರು. ಹೌದು ಅಂದೆ.

ಸಿಂಚು, ನಿಮ್ಮಪ್ಪ ಹೋದ ದಿನ ಲಾರಿಯ ಮೇಲಿದ್ದ ಟಾರ್ಪಾಲಿನ ಮೂಲೆ ಅದು. ಹೊಲಿದವಳು ನಾನು.

ನಿನಗೆ ಆಗ ಹದಿನಾರು. ಗೋಡೌನಿನಲ್ಲಿ ಸಕ್ಕರೆ ಮೂಟೆ ತುಂಬಿಕೊಂಡು ಹೊರಟಿದ್ದರು. ದಾಬಸ್‌ಪೇಟೆಯ ಹತ್ತಿರ ಮಳೆ ಹಿಡಿಯಿತು. ಟಾರ್ಪಾಲ್ ಬಿಗಿ ಮಾಡಲು ಲೋಡಿನ ಮೇಲೆ ಹತ್ತಿ ಹಗ್ಗ ಜಗ್ಗಿದರು, ಹಗ್ಗ ಒಮ್ಮೆಲೇ ಸಡಿಲಾಗಿ ಹಿಂದಕ್ಕೆ ರಸ್ತೆಗೆ ಬಿದ್ದರು. ಇಷ್ಟು ನಿನಗೆ ಗೊತ್ತು. ಹಗ್ಗ ಕಟ್ಟಿದ್ದು ಜೊತೆಗಿದ್ದ ಜವರಪ್ಪ, ಅವರ ಗಂಟು ಬಿಚ್ಚಿಕೊಂಡಿತು ಎಂದು ಎಲ್ಲರೂ ಅಂದರು. ಹದಿನೈದು ವರ್ಷ ನಿಮ್ಮಪ್ಪನ ಜೊತೆ ಒಂದೇ ಬುತ್ತಿ ಉಂಡ ಮನುಷ್ಯ. ಆ ದಿನ ನಿಮ್ಮಪ್ಪನನ್ನು ತೊಡೆಯ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ಓಡಿದವರೂ ಅವರೇ. ಹಗ್ಗವನ್ನು ತಿರುಗಿ ನೋಡುವ ಸ್ಥಿತಿಯಲ್ಲಿ ಅವರಿರಲಿಲ್ಲ. ಹನ್ನೊಂದನೇ ದಿನದ ಕಾರ್ಯಕ್ಕೆ ಬಂದಾಗ ನಿಮ್ಮ ತಾತ ಅವರನ್ನು ಬಾಗಿಲಲ್ಲೇ ತಡೆದು, ‘ಇನ್ನೇನ್ ಉಳ್ದಿದೆ ಅಂತ ಬಂದೆಯಪ್ಪಾ’ ಅಂದರು. ನೀನು ಅವರ ಮುಖ ನೋಡದೆ ಒಳಗೆ ಹೋದೆ. ನಾನು ಸುಮ್ಮನೆ ನಿಂತಿದ್ದೆ. ಆಮೇಲೆ ನೆಲಮಂಗಲದಲ್ಲಿ ಯಾವ ಲಾರಿಯವರೂ ಅವರನ್ನು ಸೇರಿಸಲಿಲ್ಲ. ಸಂಸಾರ ಕಟ್ಟಿಕೊಂಡು ಜಡಿಗೇನಹಳ್ಳಿಗೆ, ತಮ್ಮ ಊರಿಗೆ ಹೊರಟುಹೋದರು.

ಗಂಟು ಬಿಚ್ಚಿರಲಿಲ್ಲ. ಮೂರನೇ ದಿನ ಬೆಳಿಗ್ಗೆ ಲಾರಿಯನ್ನು ತಂದು ನಮ್ಮ ಅಂಗಡಿಯ ಮುಂದೆ ನಿಲ್ಲಿಸಿದ್ದರು. ಹೋಗಿ ನೋಡಿದೆ. ಹಗ್ಗದ ತುದಿಯಲ್ಲಿ ರಿಂಗು ನೇತಾಡುತ್ತಿತ್ತು, ಅದಕ್ಕೆ ಹಾಕಿದ್ದ ಗಂಟು ಹಾಗೇ ಇತ್ತು. ಕಿತ್ತುಬಂದದ್ದು ನನ್ನ ಹೊಲಿಗೆ. ಹಿಂದಿನ ವಾರ ಗಿರಾಕಿಗಳ ಟಾರ್ಪಾಲು ಆರೋ ಏಳೋ ಬಾಕಿ ಇದ್ದವು. ಇದು ಮನೆಯದು ತಾನೆ, ಉಳಿದ ಎರಡು ಸಾಲು ನಿಧಾನಕ್ಕೆ ಹಾಕಿದರಾಯಿತು ಎಂದು ಪಕ್ಕಕ್ಕಿಟ್ಟಿದ್ದೆ. ಹೊರಡುವ ದಿನ ನಿಮ್ಮಪ್ಪ ಬಂದು, ‘ಆಯ್ತೇನೆ ಗಂಗಾ?’ ಎಂದು ಕೇಳಿದರು. ಮಿಷನ್ನಿನಿಂದ ತಲೆ ಎತ್ತದೆ, ‘ಆಯ್ತು, ತಗೊಂಡೋಗಿ’ ಅಂದೆ. ಅವರೊಂದಿಗೆ ಆಡಿದ ಕೊನೆಯ ಮಾತು ಅದು.

ಅಷ್ಟಕ್ಕೇ ನಿಂತಿದ್ದರೆ ಅದನ್ನು ಮರೆವು ಅನ್ನಬಹುದಿತ್ತು. ಆ ಗಂಟನ್ನು ಬಿಚ್ಚಿದವಳು ನಾನು. ಕೈಯಲ್ಲಿ ಆಗಲಿಲ್ಲ, ಮಳೆಗೆ ನೆಂದು ಕಲ್ಲಾಗಿತ್ತು. ಹಲ್ಲಿನಿಂದ ಕಚ್ಚಿ ಬಿಚ್ಚಿದೆ. ರಿಂಗನ್ನು ಸೆರಗಿಗೆ ಕಟ್ಟಿಕೊಂಡು, ಟಾರ್ಪಾಲನ್ನು ಮಡಚಿ ಒಳಗೆ ಹಾಕಿದೆ. ಮಧ್ಯಾಹ್ನ ಪೊಲೀಸರು ಬಂದಾಗ ಬರಿಯ ಹಗ್ಗ ಇತ್ತು. ಟಾರ್ಪಾಲನ್ನು ಯಾರೂ ಕೇಳಲಿಲ್ಲ. ಹೆಂಡತಿಯನ್ನು ಯಾರು ಅನುಮಾನಿಸುತ್ತಾರೆ?

ನಿನಗಾಗಿ ಹಾಗೆ ಮಾಡಿದೆ ಎಂದು ಬಹಳ ವರ್ಷ ಅಂದುಕೊಂಡೆ. ಅಪ್ಪನನ್ನು ಕಳೆದುಕೊಂಡ ಮಗು ಅಮ್ಮನನ್ನೂ ಕಳೆದುಕೊಳ್ಳಬಾರದು ಎಂದು. ಈಗ ಬರೆಯುತ್ತಾ ಕೂತರೆ ಅದೂ ನಿಜವಲ್ಲ ಅನ್ನಿಸುತ್ತದೆ. ನನಗೆ ಹೆದರಿಕೆಯಾಗಿತ್ತು, ಅಷ್ಟೇ. ಈಗ ಲಾರಿಗಳಿಗೆ ಮೂಲೆಗೆ ನಾಲ್ಕು ಸಾಲು ಹಾಕುತ್ತೇನೆ. ಆದರೂ ನೀನು ಕೂರುವ ದೋಣಿಗೆ ಹೊಲಿಯಲು ನನ್ನ ಕೈ ಬರುವುದಿಲ್ಲ.

ಹಾಯಿಯನ್ನು ಹಸನಬ್ಬನವರಿಗೇ ಕೊಡು. ಗಾಳಿ ಜೋರಾದಾಗ ಹಾಯಿಯನ್ನು ಅರ್ಧಕ್ಕೆ ಇಳಿಸಿ ಕಟ್ಟುತ್ತೀರಲ್ಲ, ಆ ಜಾಗಕ್ಕೆ ಬಟ್ಟೆ ಎಷ್ಟು ಪದರ ಕೊಡುತ್ತೀರಿ ಎಂದು ಅವರನ್ನು ಕೇಳಿದೆ. ರಿಪೇರಿಗೆ ಬಂದಿದ್ದ ತಮ್ಮದೇ ಒಂದು ಹಳೆಯ ಹಾಯಿಯನ್ನು ಬಿಡಿಸಿ ತೋರಿಸಿದರು. ಹೆಬ್ಬೆರಳಷ್ಟು ದಪ್ಪ, ರಿಂಗಿನ ಸುತ್ತ ಕೈಹೊಲಿಗೆ. ಎಲ್ಲೆಲ್ಲೋ ಬಟ್ಟೆ ಸವೆದಿತ್ತು, ಅಲ್ಲಿ ಮಾತ್ರ ಒಂದು ನೂಲೂ ಎದ್ದಿರಲಿಲ್ಲ. ಬೇರೆಯವರು ತೆಗೆದ ಅಳತೆಯನ್ನು ಅವರು ನಂಬುವುದಿಲ್ಲವಂತೆ, ಕಾರವಾರಕ್ಕೆ ತಾವೇ ಬರುತ್ತಾರೆ. ಆದರೆ ಸಂಕ್ರಾಂತಿಗಿಂತ ಮುಂಚೆ ಆಗುವುದಿಲ್ಲ. ‘ಅರ್ಜೆಂಟ್ ಉಂಟಾದ್ರೆ ಬೇರೆಯವರಿಗೆ ಕೊಡಿ’ ಅಂದರು. ನೀವು ದೀಪಾವಳಿ ಮುಗಿಸಿ ಲಕ್ಷದ್ವೀಪಕ್ಕೆ ಹೊರಡುವವರು. ಕಾಯಿರಿ. ಇನ್ನು ಮೂರು ತಿಂಗಳು ಹೆಚ್ಚು ದಡದಲ್ಲಿದ್ದರೆ ಏನೂ ಆಗುವುದಿಲ್ಲ.

ಗುರುವಾರ ಜಡಿಗೇನಹಳ್ಳಿಗೆ ಹೋಗಿ ಜವರಪ್ಪನವರಿಗೆ ಎಲ್ಲ ಹೇಳಬೇಕೆಂದಿದ್ದೇನೆ. ಊರಿನವರ ಬಾಯಿಂದ ನಿನಗೆ ತಿಳಿಯುವ ಮೊದಲು ನಾನೇ ಹೇಳಬೇಕು ಎಂದು ಇದನ್ನು ಬರೆದೆ. ಇದಾದ ಮೇಲೆ ನೀನು ನನ್ನನ್ನು ಮಾತಾಡಿಸದಿದ್ದರೆ ನಾನು ಯಾಕೆ ಎಂದು ಕೇಳುವುದಿಲ್ಲ. ಹಾಯಿ ಮಾತ್ರ ಅವರ ಕೈಯಲ್ಲೇ ಮಾಡಿಸು.

ನಿನ್ನ ಅಮ್ಮ,
ಗಂಗಲಕ್ಷ್ಮಮ್ಮ

ತಾ.ಕ.: ಭಾನುವಾರ. ಕಾಗದವನ್ನು ಪೋಸ್ಟ್ ಮಾಡಲು ಧೈರ್ಯ ಸಾಲದೆ ಇಟ್ಟುಕೊಂಡಿದ್ದೆ. ಗುರುವಾರ ಹೋಗಿಬಂದೆ. ಜವರಪ್ಪನವರು ಯುಗಾದಿ ಕಳೆದ ಮೇಲೆ ತೀರಿಕೊಂಡರಂತೆ. ನಮಗೆ ಯಾರೂ ಹೇಳಿಕಳಿಸಲಿಲ್ಲ, ಯಾಕೆ ಹೇಳಿಯಾರು. ಅವರ ಹೆಂಡತಿ ಪಾಪಕ್ಕ ಜಗಲಿಯಲ್ಲಿ ರಾಗಿ ಕೇರುತ್ತಿದ್ದರು. ನನ್ನ ಗುರುತು ಹಿಡಿದು, ಕೂರಿಸಿ, ಕಾಫಿ ಮಾಡಿಕೊಟ್ಟರು. ‘ಕೊನೇಗಂಟ್ಲೂ ಅದೇ ಕಣಮ್ಮ ಅವ್ರಿಗೆ. ಒಂದ್ ಹಗ್ಗ ಸಿಕ್ರೆ ಸಾಕು, ಗಂಟ್ ಹಾಕೋದು, ಎಳ್ದು ನೋಡೋದು. ಎಲ್ಲಿ ತಪ್ಪಿದ್ನೋ ಗೊತ್ತಾಗ್ತಿಲ್ವಲ್ಲೇ, ಮುನಿರಾಜನ್ನ ನಾನೇ ಕೊಂದ್ಬಿಟ್ನಲ್ಲೇ ಅನ್ನೋರು’ ಅಂದರು. ಆಗ ನಾನು ಹೇಳಿದೆ. ಹಲ್ಲಿನಿಂದ ಬಿಚ್ಚಿದ್ದನ್ನೂ ಹೇಳಿದೆ. ಪಾಪಕ್ಕ ಬೈಯಲಿಲ್ಲ, ಅಳಲಿಲ್ಲ. ಮೊರ ಕೆಳಗಿಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹೊಸಕೋಟೆಯ ಕೊನೆಯ ಬಸ್ಸು ಬರುವವರೆಗೂ ನಾನು ಜಗಲಿಯಲ್ಲಿ ಕೂತಿದ್ದೆ. ಬಾಗಿಲು ತೆಗೆಯಲಿಲ್ಲ. ನಾಳೆ ಮತ್ತೆ ಹೋಗುತ್ತೇನೆ.